ಅವನು ಆಡದ ಪಂದ್ಯಗಳು

ನಾರ್‌ಶೋಪಿಂಗ್, ಸ್ವೀಡನ್, ಜನವರಿ 2007

ಸಂಕೇತ್,

ನಿನ್ನ ಹೊಸ ವಿಳಾಸ ಕೇಳುವ ಹಕ್ಕು ಈಗ ನನಗಿಲ್ಲ, ಹಾಗಾಗಿ ಇದು ನನ್ನ ಬಳಿಯೇ ಉಳಿಯುತ್ತದೆ. ಆದರೂ ಇವತ್ತಿನದನ್ನು ನಿನಗಲ್ಲದೆ ಇನ್ಯಾರಿಗೆ ಹೇಳಲಿ?

ಇಲ್ಲಿನ ಐಸ್ ಹಾಕಿ ಕ್ಲಬ್ಬೊಂದು, ಯಾವ ಡಿಫೆಂಡರನ್ನು ಕೈಬಿಡಬಹುದೆಂದು ಅಂಕಿಅಂಶ ನೋಡಿ ಹೇಳಲು ನಮ್ಮ ಆಫೀಸನ್ನು ಕೇಳಿತ್ತು. ಮಧ್ಯಾಹ್ನದ ಫೀಕಾ ವಿರಾಮದಲ್ಲಿ ಕಾಫಿ ಹೀರುತ್ತಲೇ ನನ್ನ ಸಹೋದ್ಯೋಗಿ ವಿಶಾಲ್ ತೀರ್ಪು ಕೊಟ್ಟ: "ಈ ನೀಲ್ಸ್‌ನ ತೆಗೆಸಿ ಪಾವನಾ. ಗೋಲಿಲ್ಲ, ಪಾಸಿಲ್ಲ. ಸುಮ್ನೆ ನಿಂತಿರ್ತಾನೆ ಅಷ್ಟೇ."

ನನಗೂ ಹಾಗೇ ಕಂಡಿತ್ತು. ಆಮೇಲೆ ಯಾಕೋ, ಅವನು ಗಾಯಗೊಂಡು ಮನೆಯಲ್ಲಿದ್ದ ಪಂದ್ಯಗಳನ್ನು ಬೇರೆ ಮಾಡಿ ನೋಡಿದೆ. ಅವುಗಳಲ್ಲಿ ತಂಡದ ಗೋಲಿನತ್ತ ಬಂದ ಹೊಡೆತಗಳು ಹೆಚ್ಚುಕಡಿಮೆ ಎರಡರಷ್ಟು! ಅವನಿದ್ದಾಗ ಅವುಗಳಲ್ಲಿ ಅರ್ಧ ಬರುತ್ತಲೇ ಇರಲಿಲ್ಲ. ಬಾರದ ಹೊಡೆತದ ಲೆಕ್ಕ ಯಾರು ಇಡುತ್ತಾರೆ? ಇವನನ್ನು ಬಿಟ್ಟರೆ ನಿಮ್ಮ ಕಥೆ ಮುಗೀತು ಎಂದು ವರದಿಯಲ್ಲಿ ಬರೆದೆ, ಕೊಂಚ ನಯವಾಗಿ.

ಈ ಚಳಿಗಾಲ ಬೆಳಿಗ್ಗೆ ಎದ್ದು ಕಾರಿನ ಗಾಜಿನ ಮೇಲಿನ ಮಂಜುಗಡ್ಡೆ ಕೆರೆಯುತ್ತಾ ನಿಲ್ಲುತ್ತೇನೆ, ಬೆರಳುಗಳು ಮರಗಟ್ಟುತ್ತವೆ. ನೀನಿದ್ದಷ್ಟು ವರ್ಷ, ನಮ್ಮ ಕಾರಿನ ಮೇಲೆ ಮಂಜು ಕೂರುವುದೇ ಇಲ್ಲ ಎಂದುಕೊಂಡಿದ್ದೆ.

ಪಾವನಾ