ಅಕಾಡೆಮಿಯ ತೋಪು

ಸಿಂಧನೂರು
೨೦ ಆಗಸ್ಟ್ ೨೦೨೫, ಬುಧವಾರ

ಪ್ರೀತಿಯ ತಂಗಿ ಅಂಬಿಕಾ,

ಬಳೆ ಮಾರುವ ಗುಲ್ಷನ್‌ಬೀ ಈ ಪತ್ರ ಕೊಡುತ್ತಾಳೆ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಾನು ಫೋನು ಮಾಡಿದರೆ ಅವ್ವ ಸ್ಪೀಕರ್ ಹಾಕುತ್ತಾಳೆ, ತುರ್ವಿಹಾಳದ ನಮ್ಮ ಓಣಿಯೆಲ್ಲ ಕೇಳುತ್ತದೆ. ಎದುರಿಗಿದ್ದ ಒಬ್ಬರೊಂದಿಗೇ ನನಗೆ ಮಾತು ಬರುವುದಿಲ್ಲ, ಇನ್ನು ಓಣಿಯೊಂದಿಗೆ ಹೇಗೆ ಬಂದೀತು?

ಶುಕ್ರವಾರದೊಳಗೆ ನೀನು ಲಿಂಗಸುಗೂರಿಗೆ ಹೋಗಿ ನರ್ಸಿಂಗ್ ಸೀಟು ಖಚಿತಪಡಿಸಬೇಕು. ಹೋಗುವುದಿಲ್ಲ, ಅಕ್ಕ ಪಾಸಾದ ಅಕಾಡೆಮಿಗೇ ಸೇರುತ್ತೇನೆ ಎಂದು ನೀನು ಹಟ ಹಿಡಿದಿದ್ದೀ. "ನೀ ಅಲ್ಲೇ ಕುಂತು ಮೇಡಂ ಆದಿ, ನಾ ಯಾಕ ಮಂದಿ ಹಾಸಿಗಿ ಬಳಕೋಂತ ಕೂಡ್ಲಿ?" ಎಂದು ಕೇಳಿದೆಯಲ್ಲ. ಉತ್ತರ ಈ ಪತ್ರದಲ್ಲಿದೆ. ಸ್ವಲ್ಪ ಸುತ್ತು ಹಾಕಿ ಬರುತ್ತದೆ.

ಕಳೆದ ವಾರ ಒಂದು ಅಣಕು ಪರೀಕ್ಷೆಯಲ್ಲಿ ಪ್ರಶ್ನೆಯಿತ್ತು: ಅಕಾಡೆಮಿ ಎಂಬ ಪದದ ಮೂಲ ಯಾವ ಭಾಷೆ? ಉತ್ತರ ಗ್ರೀಕ್. ಎಲ್ಲರೂ ಗುರುತು ಹಾಕಿ ಮುಂದೆ ಹೋದರು. ನಾನು ರೂಮಿಗೆ ಬಂದು ನಿಘಂಟು ತೆಗೆದೆ. ಅಥೆನ್ಸಿನ ಹೊರಗೆ ಅಕಾಡೆಮಸ್ ಎಂಬ ವೀರನ ಹೆಸರಿನ ತೋಪು ಇತ್ತಂತೆ, ಆಲಿವ್ ಮರಗಳದ್ದು. ಅಲ್ಲಿ ಒಬ್ಬ ಗುರು ಶಿಷ್ಯರನ್ನು ಸೇರಿಸಿಕೊಂಡು ಚರ್ಚಿಸುತ್ತಿದ್ದ. ತೋಪಿನ ಹೆಸರು ಆ ಶಾಲೆಗೆ ಬಂತು, ಆಮೇಲೆ ವಿದ್ವಾಂಸರ ಸಂಘಗಳಿಗೆ, ಸೈನಿಕರನ್ನು ತಯಾರು ಮಾಡುವ ಜಾಗಗಳಿಗೂ ಬಂತು. ನಾನು ಎಂ.ಎ. ಓದುವಾಗ ಅಕಾಡೆಮಿ ಎಂದರೆ ಬೆಂಗಳೂರಿನಲ್ಲಿ ಕೂತು ಪುಸ್ತಕಗಳಿಗೆ ಬಹುಮಾನ ಕೊಡುವುದು. ಸಿಂಧನೂರಿನಲ್ಲಿ ಡ್ರೈವಿಂಗ್ ಅಕಾಡೆಮಿ, ಕರಾಟೆ ಅಕಾಡೆಮಿ, ಮೆಹಂದಿ ಅಕಾಡೆಮಿ ಇವೆ. ನೌಕರಿ ಪರೀಕ್ಷೆಗಳಿಗೆ ಓದಿಸುವ ನಮ್ಮದು ಅಕ್ಕಿ ಗಿರಣಿಯ ಬೆಲ್ಟು ಮಾರುವ ಅಂಗಡಿಯ ಮೇಲಿನ ಎರಡು ಕೋಣೆ. ಮರವೊಂದೂ ಇಲ್ಲ. ಗೋಡೆ ತುಂಬ ಪಾಸಾದವರ ಫೋಟೋಗಳಿವೆ. ಆ ತೋಪಿನಲ್ಲಿ ಇಂಥದ್ದನ್ನು ಎಲ್ಲಿ ತೂಗುಹಾಕುತ್ತಿದ್ದರೋ, ನಿಘಂಟು ಹೇಳುವುದಿಲ್ಲ.

ಇಲ್ಲಿನ ಪದ್ಧತಿ ನಿನಗೆ ತಿಳಿದಿರಲಿ. ತಾತ್ಕಾಲಿಕ ಪಟ್ಟಿ ಬಂದ ಸಂಜೆಯೇ ಫ್ಲೆಕ್ಸ್ ಕಟ್ಟಬೇಕು. ತಡವಾದರೆ ಎದುರಿನ ಅಕಾಡೆಮಿಯವರು ಅದೇ ಮುಖ ಹಾಕಿಬಿಡುತ್ತಾರೆ. ಹೋದ ವರ್ಷ ಶಿಕ್ಷಕರ ತಾತ್ಕಾಲಿಕ ಪಟ್ಟಿಯಲ್ಲಿ ನನ್ನ ಹೆಸರಿತ್ತು. ಅಕಾಡೆಮಿ ನಡೆಸುವ ಸಿದ್ದರಾಮೇಶ ಸರ್ ಅವತ್ತೇ ನನ್ನ ಫೋಟೋ ಹಾಕಿಸಿದರು. ಎರಡು ತಿಂಗಳಿಗೆ ಅಂತಿಮ ಪಟ್ಟಿ ಬಂತು. ಅದರಲ್ಲಿ ನಾನಿರಲಿಲ್ಲ. ನನಗಿಂತ ಹೆಚ್ಚು ಅಂಕದವರಿದ್ದರು, ಅಷ್ಟೇ. ಅಂತಿಮ ಪಟ್ಟಿ ನೋಡಿ ಯಾರೂ ಫ್ಲೆಕ್ಸ್ ಇಳಿಸುವುದಿಲ್ಲ. "ಇರ್ಲಿ ಬಿಡ್ರೀ ಮೇಡಂ, ಬಿಸಲಿಗೆ ತಾನಾ ಬಣ್ಣ ಹೋಗ್ತದ" ಎಂದರು ಸರ್.

ನೇಮಕಾತಿ ಕೋರ್ಟಿನಲ್ಲಿದೆ, ಆದೇಶ ಬರಬೇಕು ಎಂದು ಮನೆಯಲ್ಲಿ ಹೇಳಿದ್ದೆ. ಕೋರ್ಟಿನಲ್ಲಿ ಏನೂ ಇಲ್ಲ. ಅಲ್ಲಿಯವರೆಗೆ ತರಬೇತಿ ಎಂದಿದ್ದೆನಲ್ಲ, ಅದು ಇದೇ ಅಕಾಡೆಮಿಯಲ್ಲಿ ಸಂಧಿ, ಸಮಾಸ ಹೇಳಿಕೊಡುವ ಕೆಲಸ.

ಅವ್ವ ನಾಟಿ ಇಲ್ಲದ ದಿನ ಸಿಂಧನೂರಿಗೆ ಬರುವಾಗ ಬಸ್ಸಿನಲ್ಲಿ ಕಿಟಕಿ ಪಕ್ಕವೇ ಕೂರುತ್ತಾಳಂತೆ. ಗುಲ್ಷನ್‌ಬೀ ಹೇಳಿದಳು. ಫ್ಲೆಕ್ಸ್ ಹತ್ತಿರ ಬಂದಾಗ ಕಂಡಕ್ಟರಿಗೆ, "ಯಪ್ಪಾ, ಸ್ವಲ್ಪ ಸಾವಕಾಶ ಹೊಡಿ ಅನ್ನು, ನನ್ ಮಗಳದಾಳ ಅಲ್ಲಿ" ಎನ್ನುತ್ತಾಳಂತೆ. "ದಿನಾ ಇಲ್ಲೇ ನಿಂತಾಳಲ್ಲ ಯಮ್ಮಾ, ಆಕಿಗೊಂದು ಸ್ಟಾಪ್ ಕೊಡಾಮೇನು?" ಎಂದು ಅವನು ಬಸ್ಸನ್ನೆಲ್ಲ ನಗಿಸುತ್ತಾನಂತೆ. ಡ್ರೈವರ್ ನಿಧಾನ ಮಾಡುತ್ತಾನೆ. ಅದನ್ನು ಕೇಳಿದ ದಿನ ನಾನು ಲೋಪಸಂಧಿಗೆ ಆಗಮಸಂಧಿಯ ಉದಾಹರಣೆ ಬರೆದೆ. ನಿನಗೆ ಅಕಾಡೆಮಿ ಎಂದರೆ ನೌಕರಿ. ಅವ್ವನಿಗೆ ಕಿಟಕಿಯಿಂದ ಕಾಣುವ ಮಗಳು. ಈ ಎರಡು ಅರ್ಥ ನಿಘಂಟಿನಲ್ಲಿಲ್ಲ, ಅವನ್ನು ಸೇರಿಸಿದವಳು ನಾನು.

ಅಕಾಡೆಮಿ ಕೆಟ್ಟದ್ದೆಂದು ಬರೆಯುತ್ತಿಲ್ಲ. ಇಲ್ಲಿ ಓದಿ ಕೆಲಸ ಹಿಡಿದವರಿದ್ದಾರೆ. ನಾನು ಅವರಲ್ಲಿಲ್ಲ. ನೀನು ನನ್ನ ಫೋಟೋ ನೋಡಿ ನಿನ್ನ ಸೀಟು ಬಿಡುತ್ತಿದ್ದೀ. ಫೋಟೋ ಸುಳ್ಳು. ಸೀಟು ಅಂತಿಮ ಪಟ್ಟಿಯಲ್ಲಿದೆ, ನಾನೇ ನೋಡಿದ್ದೇನೆ.

ಇವತ್ತು ಬೆಳಿಗ್ಗೆ ಫ್ಲೆಕ್ಸ್ ಇಳಿಸಿದೆ. ಗುಲ್ಷನ್‌ಬೀ ಕೈಲಿರುವ ಗಂಟು ಅದೇ. ಕುರಿದೊಡ್ಡಿಗೆ ಹೊದಿಸಲು ಅವ್ವ ತಾಡಪಾಲು ಕೇಳುತ್ತಿದ್ದಳು. ಹೊದಿಸುವ ಮುನ್ನ ಈ ಪತ್ರ ಅವಳಿಗೆ ಓದಿ ಹೇಳು. ಅವಳು ಬೈದರೆ ಬೈಯಲಿ, ನಡುವೆ ಮಾತಾಡಬೇಡ. ಶುಕ್ರವಾರ ಬೆಳಿಗ್ಗೆ ಎಂಟಕ್ಕೆ ನಾನು ಇಲ್ಲಿನ ಬಸ್ ನಿಲ್ದಾಣದಲ್ಲಿರುತ್ತೇನೆ. ಲಿಂಗಸುಗೂರಿಗೆ ಇಬ್ಬರೂ ಹೋಗೋಣ.

ನಿನ್ನ ಅಕ್ಕ,
ನಾಗವೇಣಿ

ಮತ್ತೊಂದು: ಬಣ್ಣ ಹೋಗುತ್ತದೆ ಎಂದು ಸರ್ ಹೇಳಿದಂತೆ ಬಣ್ಣ ಹೋಗಿತ್ತು. ಯುಗಾದಿಗೆ ಹೊಸ ಫ್ಲೆಕ್ಸ್ ಮಾಡಿಸುವಾಗ ಅವರು ನನ್ನನ್ನು ಬಿಟ್ಟಿದ್ದರು. ಹೊಸ ಫೋಟೋ ತೆಗೆಸಿಕೊಟ್ಟು, ಹಾಕಿ ಎಂದು ಕೇಳಿದವಳು ನಾನೇ. ಅದರ ಹಿಂದಿನ ವಾರ ಅವ್ವ ಫೋನಿನಲ್ಲಿ, "ನಾಗೂ, ನಿನ್ ಮಕ ಮಸುಕ ಆಗೈತಲ್ಲ, ಬಸ್ಸಿನ್ಯಾಗಿಂದ ಕಾಣವಲ್ದು" ಎಂದಿದ್ದಳು.