ಎದುರಿನವನನ್ನು ದಾಟಿ

ನನ್ನ ಪೈಲ್ವಾನ್ ತಾತನಿಗೆ,

ಚೇತು ಟೀವಿಯಲ್ಲಿ ಕಾಣಿಸಿಕೊಂಡ ಮೊದಲ ಸಂಜೆ ನೆನಪಿದೆಯಾ? ಅಮೆರಿಕದ ಹೇವರ್ಡಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ನೀನು ಸೋಫಾದ ತುದಿಗೆ ಬಂದು ಕೂತಿದ್ದೆ. ಅಮೆರಿಕನ್ ಫುಟ್‌ಬಾಲಿನ ರಕ್ಷಣಾ ಸಾಲಿನಲ್ಲಿ ನಿನ್ನ ಮೊಮ್ಮಗ ಒಂದು ಕೈ ನೆಲಕ್ಕೂರಿ ಬಗ್ಗಿದ್ದ. ಅಡ್ಡ ನಿಂತವನನ್ನು ದಾಟಿ, ಹಿಂದೆ ಚೆಂಡು ಎಸೆಯುವವನನ್ನು ಕೆಡವುವುದು ಅವನ ಕೆಲಸ. ಅವನೋ, ಅಡ್ಡ ನಿಂತವನನ್ನೇ ಎತ್ತಿ ಅಂಗಾತ ಕೆಡವಿದ.

“ಚಿತ್! ಗೆದ್ದ ನನ್ಮಗ!” ನೀನು ತೊಡೆ ತಟ್ಟಿದೆ.

“ತಾತ, ಚೆಂಡು ಆಗ್ಲೇ ಆ ಕಡೆ ಹೋಯ್ತು.”

“ಚೆಂಡು ಕಟ್ಕೊಂಡು ಏನವ್ವಾ? ಬೆನ್ನು ನೆಲಕ್ಕೆ ತಾಕ್ತಲ್ಲ!”

ಮೈಸೂರಿನ ಗರಡಿಯ ಪಟ್ಟುಗಳನ್ನೆಲ್ಲ ಅವನಿಗೆ ಹುಲ್ಲಿನ ಮೇಲೆ ಕಲಿಸಿದವನು ನೀನೇ ತಾನೆ? ಹಿಡಿದರೆ ಅವನು ಬಿಡುತ್ತಿರಲಿಲ್ಲ.

ಆಗಸ್ಟಿನಲ್ಲಿ ತಂಡ ಅವನನ್ನು ಕೈಬಿಟ್ಟಿತು. ನೀನು ಮಲಗಿದ್ದ ಆಸ್ಪತ್ರೆಗೇ ಬ್ಯಾಗಿನ ಸಮೇತ ಬಂದ. “ಕೋಚ್ ಏನಂದ್ರೋ?” ಎಂದೆ ನಾನು. “ಎದುರಿನವ್ನನ್ನ ಗೆಲ್ತೀಯ, ಆಟ ಸೋಲ್ತೀಯ ಅಂದ್ರು. ಐಯಾಮ್ ಡನ್, ಅಕ್ಕ.” ಅಮ್ಮ ಅದಕ್ಕೇ ಕಾದಿದ್ದವಳಂತೆ ವೇರ್‌ಹೌಸಿನ ಕೆಲಸದ ಮಾತೆತ್ತಿದಳು. ನೀನು ಮಾತ್ರ ಅವನನ್ನು ಮಂಚದ ಹತ್ತಿರ ಕರೆದೆ.

“ನಾನೇ ಕೆಡಿಸ್ದೆ ಕಣ್ಲಾ ಮಗ. ಹಿಡ್ಕಳದ್ ಹೇಳ್ಕೊಟ್ಟೆ, ಬುಡದ್ ಹೇಳ್ಕೊಡ್ನಿಲ್ಲ. ಹಿಡಿ ಕೈಯ. ಅದಲ್ಲ, ಸೂಜಿ ಚುಚ್ಚವ್ರೆ. ಈ ಕೈ.”

ಅವನು ಬಿಗಿಯಾಗಿ ಹಿಡಿದ. ನೀನು ಎಳೆದಾಡಲಿಲ್ಲ, ಅವನ ಹೆಬ್ಬೆರಳಿನ ಕಡೆಗೆ ಮಣಿಕಟ್ಟು ತಿರುಗಿಸಿದೆ, ಅಷ್ಟೆ. ಕೈ ಜಾರಿ ಹೊರಬಂತು. ಚೇತು ತನ್ನ ಖಾಲಿ ಅಂಗೈ ನೋಡಿಕೊಂಡ. “ವನ್ ಮೋರ್, ತಾತ.”

ನೀನು ನಮ್ಮನ್ನೆಲ್ಲ ಬಿಟ್ಟು ಹೋದ ಮೇಲೆ ಅವನಿಗೆ ಯಾರಿದ್ದರು? ತರಗತಿಯಲ್ಲಿ ಉತ್ತರ ಗೊತ್ತಿದ್ದರೂ ಬಾಯಿ ಬಿಡದೆ ಸಾಹಿತ್ಯದ ಪದವಿ ಮುಗಿಸಿದ ನಾನು! ಪಾರ್ಕಿನ ಮರವೊಂದಕ್ಕೆ ಹಳೆಯ ಹಾಸಿಗೆ ಕಟ್ಟಿದೆವು. ಅದರ ಹಿಂದೆ ಚೆಂಡು ಹಿಡಿದು ನಿಂತು ನಾನು ಆಟ ಶುರುವಾಗುವ ಹಾಗೆ “ಹಟ್!” ಎಂದು ಕೂಗಬೇಕು, ಅವನು ಹಾಸಿಗೆಯನ್ನು ದಾಟಿ ನನ್ನ ಕಡೆಗೆ ನುಗ್ಗಬೇಕು. ವಾಕಿಂಗಿಗೆ ಬಂದ ಆಂಟಿಯರು ನಿಂತು ನೋಡುತ್ತಿದ್ದರು.

“ಲೌಡರ್, ಅಕ್ಕ!”

“ಕೇಳಿಸ್ತು ತಾನೆ? ಮತ್ತೆ ಮರ ತಬ್ಕೊಂಡು ಯಾಕೋ ನಿಂತಿದೀಯ? ಮದ್ವೆ ಆಗ್ತೀಯಾ ಅದನ್ನ?”

ಅವನ ಕಣ್ಣು ಹಾಸಿಗೆಯಿಂದ ಚೆಂಡಿನ ಕಡೆಗೆ ತಿರುಗಲು ಇಡೀ ಚಳಿಗಾಲ ಬೇಕಾಯಿತು. ಅಮ್ಮ ಮೂಗು ಮುರಿದಳು. ನಾವು ಬಿಡಲಿಲ್ಲ.

ನಿನಗೆ ತಲುಪದ ಸುದ್ದಿ ಇದು, ತಾತ: ಈ ಸಲ ಬೇರೊಂದು ತಂಡ ಅವನನ್ನು ಅಭ್ಯಾಸಕ್ಕೆಂದು ಸೇರಿಸಿಕೊಂಡಿತು. ಹೋದ ಭಾನುವಾರ ಅಲ್ಲಿ ಒಬ್ಬನ ಮಂಡಿ ತಿರುಚಿತು, ಚೇತುವನ್ನು ಆಟಕ್ಕಿಳಿಸಿದರು. ಅಮ್ಮ ಕಣ್ಣು ಮುಚ್ಚಿಕೊಂಡಳು, ನಾನು ಮುಚ್ಚಲಿಲ್ಲ. ಅವನು ಭುಜ ತಗ್ಗಿಸಿದ, ಹಿಡಿತದಿಂದ ಜಾರಿದ, ಎದುರಿನವನು ತಿರುಗುವಷ್ಟರಲ್ಲಿ ಚೆಂಡು ಎಸೆಯುವವನನ್ನು ಚೆಂಡಿನ ಸಮೇತ ಕೆಡವಿದ್ದ.

ಅವನ ಒಪ್ಪಂದ ಇನ್ನೂ ವಾರದಿಂದ ವಾರಕ್ಕೆ. ಈ ಮಂಗಳವಾರವೇ ಮನೆಗೆ ಕಳಿಸಿದರೂ ಕಳಿಸಿಯಾರು. ಕಳಿಸಲಿ. ಬುಧವಾರ ಬೆಳಿಗ್ಗೆ ಅವನ ಹೊದಿಕೆ ಎಳೆದು ಪಾರ್ಕಿಗೆ ಹೊರಡಿಸುವವಳು ನಾನು.

ನಿನ್ನ ಮೊಮ್ಮಗಳು,
ರಮ್ಯಾ