ಸಿಗಡಿ ಬರುವ ಹೊತ್ತು

ಅರೂರು, ಗುರುವಾರ

ಮಾನ್ಯ ಕುರುವಿಳಾ ಸರ್,

ಬೆಳಗಿನ ಜಾವ ಮೂರು ಗಂಟೆಗೆ ಸಿಗಡಿ ಲಾರಿಯ ಹಾರ್ನ್ ನನ್ನನ್ನು ಎಬ್ಬಿಸಿತು. ಅದು ಕೇಳಿದ ಕೂಡಲೇ ಹೆಂಗಸರು ಮಕ್ಕಳನ್ನು ಹೆಗಲಿಗೆ ಹಾಕಿಕೊಂಡು ಬಂದು, ನನ್ನ ಶಿಶುವಿಹಾರದಲ್ಲಿ ಬಿಟ್ಟು, ಸಿಗಡಿ ಸುಲಿಯಲು ಓಡುತ್ತಾರೆ. ಈಗ ಹನ್ನೊಂದು ಮಕ್ಕಳು ಮಲಗಿವೆ. ನನ್ನ ಮಗಳೊಬ್ಬಳೇ ತೊಡೆಯ ಮೇಲೆ ಎಚ್ಚರವಾಗಿದ್ದಾಳೆ.

ಅನುದಾನ ಕೇಳಿದ ನನ್ನ ಅರ್ಜಿಯನ್ನು ನಿಮ್ಮ ಪ್ರತಿಷ್ಠಾನ ವಾಪಸು ಕಳಿಸಿದೆ. ಶಿಶುವಿಹಾರದ ಸಮಯವನ್ನು ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದು ಎಂದು ತಿದ್ದಿದರೆ ಸಮಿತಿ ಒಪ್ಪುತ್ತದೆ ಎಂದು ನೀವೇ ಬರೆದಿದ್ದೀರಿ. ನಾನು ತಿದ್ದುವುದಿಲ್ಲ ಸರ್.

"ಬರೆದು ಕೊಟ್ಟುಬಿಡು ಮಗಳೇ, ಅವರೇನು ನೋಡೋಕೆ ಬರ್ತಾರಾ?" ಅಂದರು ಸಿಗಡಿ ಸುಲಿಯುವವರಲ್ಲಿ ಹಿರಿಯರಾದ ತ್ರೇಸ್ಯಾ ಚೇಚಿ.

"ಒಂಬತ್ತಕ್ಕೆ ಬಂದ್ರೆ ಖಾಲಿ ಕೋಣೆ ತೋರಿಸ್ಲಾ?" ಅಂದೆ.

"ಹಾಗಾದ್ರೆ ಸಿಗಡಿಗೇ ಹೇಳು, ಒಂಬತ್ತಕ್ಕೆ ಬಾ ಅಂತ!"

ನಕ್ಕರು. ಅವರ ಮೊಮ್ಮಗ ಹೋದ ವರ್ಷ ಸಿಗಡಿ ಸುಲಿಯುವ ಶೆಡ್ಡಿನಲ್ಲಿ ಐಸ್ ತೊಟ್ಟಿಯ ಪಕ್ಕ ಮಲಗಿ ನ್ಯುಮೋನಿಯಾ ಹಿಡಿಸಿಕೊಂಡವನು. ಅನುದಾನ ಸಿಗದಿದ್ದರೆ ಬಾಡಿಗೆ ಕಟ್ಟಲಾಗದೆ ಈ ಕೋಣೆ ಕೈತಪ್ಪುತ್ತದೆ, ಹನ್ನೊಂದೂ ಮಕ್ಕಳು ಮತ್ತೆ ಆ ತೊಟ್ಟಿಯ ಪಕ್ಕಕ್ಕೇ ಹೋಗುತ್ತವೆ.

ಪತ್ರವನ್ನು ಒಬ್ಬರ ಕೈಲಿ ಕಳಿಸುತ್ತಿದ್ದೇನೆ, ಇವತ್ತು ಸಂಜೆಯೊಳಗೆ ನಿಮಗೆ ಸಿಗುತ್ತದೆ. ನಾಳೆ ಹತ್ತಕ್ಕೆ ಸಮಿತಿ ಸೇರುತ್ತದೆ. ಅದಕ್ಕೆ ಮೊದಲು, ಬೆಳಗಿನ ಜಾವ ಮೂರೂವರೆಗೆ ಅಲಾರಂ ಇಟ್ಟುಕೊಂಡು ಒಂದು ಫೋನ್ ಮಾಡಿ. ನಾನೇನೂ ಮಾತಾಡುವುದಿಲ್ಲ, ಮಲಗಿದ ಮಕ್ಕಳ ಉಸಿರು ನಿಮಗೆ ಕೇಳುವಂತೆ ಫೋನನ್ನು ಅವರ ಹತ್ತಿರ ಹಿಡಿಯುತ್ತೇನೆ. ಬೆಳಗಾದ ಮೇಲೆ ಇಲ್ಲಿ ಯಾರೂ ಇರುವುದಿಲ್ಲ. ಕೈಮುಗಿಯುತ್ತೇನೆ ಸರ್, ಬೆಳಗಾಗುವ ಮುಂಚೆಯೇ ಮಾಡಿ.

ಇಂತಿ,
ಜಿನ್ಸಿ ಆಂಟೊ